ಕೋರ್ ಐ5-2400 ಮತ್ತು ಐ5-3470: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ರಿಪೇರಿ ಟೇಬಲ್ಲಿಗೆ ಬರುವ ಹಳೆಯ ಡೆಸ್ಕ್‌ಟಾಪ್‌ಗಳ ಮುಚ್ಚಳ ಬಿಚ್ಚಿದರೆ ಇವತ್ತಿಗೂ ಹೆಚ್ಚಾಗಿ ಕಾಣುವುದು ಇಂಟೆಲ್‌ನ ಈ ಎರಡು ಪ್ರೊಸೆಸರ್‌ಗಳೇ. ಕಂಪನಿಗಳು, ಕಾಲೇಜು ಲ್ಯಾಬ್‌ಗಳು ಹೊಸ ಸಿಸ್ಟಂ ತರಿಸಿಕೊಂಡಾಗ ಹಳೆಯವನ್ನು ಲಾಟ್ ಲೆಕ್ಕದಲ್ಲಿ ಮಾರಿಬಿಡುತ್ತವೆ. ಅವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಜಾಗಕ್ಕೆ ಬಂದು, ಧೂಳು ಕೊಡವಿಸಿಕೊಂಡು, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕು) ಹಾಕಿಸಿಕೊಂಡು ಮತ್ತೆ ಊರೂರಿಗೆ ಹೊರಡುತ್ತವೆ. ಟೈಪಿಂಗ್ ಅಂಗಡಿಯವರು, ಓದುವ ಮಕ್ಕಳಿರುವ ಮನೆಯವರು, ಟ್ಯಾಲಿ ಬರೆಯುವವರು ಇವನ್ನು ಕೊಳ್ಳುತ್ತಾರೆ. ಕೊಳ್ಳುವ ಮುಂಚೆ ಮತ್ತು ಕೊಂಡ ಮೇಲೆ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇವೆರಡರ ನಡುವೆ ವ್ಯತ್ಯಾಸ ಏನು?

ಐ5-2400 ಬಂದದ್ದು 2011ರ ಜನವರಿಯಲ್ಲಿ. ಅದು ಎರಡನೇ ಜನರೇಷನ್, ವಿನ್ಯಾಸದ ಹೆಸರು ಸ್ಯಾಂಡಿ ಬ್ರಿಡ್ಜ್. ಐ5-3470 ಬಂದದ್ದು 2012ರ ಮಧ್ಯದಲ್ಲಿ. ಅದು ಮೂರನೇ ಜನರೇಷನ್, ಐವಿ ಬ್ರಿಡ್ಜ್. ಎರಡರಲ್ಲೂ ನಾಲ್ಕು ಕೋರ್ (ಕೆಲಸ ಮಾಡುವ ಭಾಗ), ನಾಲ್ಕು ಥ್ರೆಡ್ (ಒಂದೇ ಸಲ ನಡೆಸುವ ಕೆಲಸದ ಸಾಲು), 6 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ನೆನಪು). ಎರಡೂ ಕೂರುವುದು ಎಲ್‌ಜಿಎ 1155 ಸಾಕೆಟ್ಟಿನಲ್ಲಿ. 2400ರ ವೇಗ 3.1 ಗಿಗಾಹರ್ಟ್ಸ್, ಟರ್ಬೊದಲ್ಲಿ (ಭಾರ ಬಿದ್ದಾಗ ತಾನೇ ಏರಿಸಿಕೊಳ್ಳುವ ವೇಗ) 3.4. 3470ರದ್ದು 3.2, ಟರ್ಬೊದಲ್ಲಿ 3.6.

ದೊಡ್ಡ ಬದಲಾವಣೆ ಆದದ್ದು ತಯಾರಿಕೆಯಲ್ಲಿ. 2400 ಆಗಿದ್ದು 32 ನ್ಯಾನೊಮೀಟರ್‌ನಲ್ಲಿ, 3470 ಆಗಿದ್ದು 22 ನ್ಯಾನೊಮೀಟರ್‌ನಲ್ಲಿ. ಇಂಟೆಲ್ ತನ್ನ ಟ್ರೈ-ಗೇಟ್ ಟ್ರಾನ್ಸಿಸ್ಟರನ್ನು (ಚಿಪ್ಪಿನಲ್ಲಿ ಕರೆಂಟನ್ನು ಬಿಡುವ, ತಡೆಯುವ ಸಣ್ಣ ಸ್ವಿಚ್ಚು) ಮೊದಲು ತಂದದ್ದು ಈ ಐವಿ ಬ್ರಿಡ್ಜ್‌ನಲ್ಲೇ. ಅಲ್ಲಿಯವರೆಗೆ ಚಪ್ಪಟೆಯಾಗಿ ಮಲಗಿದ್ದ ಕರೆಂಟಿನ ದಾರಿ ಇದರಲ್ಲಿ ಗದ್ದೆಯ ಬದುವಿನ ಹಾಗೆ ಎದ್ದು ನಿಂತಿತು, ಗೇಟು ಅದನ್ನು ಮೂರು ಕಡೆಯಿಂದ ತಬ್ಬಿ ಹಿಡಿಯಿತು. ಸೋರಿಕೆ ಕಡಿಮೆಯಾಯಿತು. ಹಾಗಾಗಿಯೇ 2400ಕ್ಕೆ 95 ವ್ಯಾಟ್ ಎಂದು ಬರೆದಿದ್ದರೆ 3470ಕ್ಕೆ 77 ವ್ಯಾಟ್ ಎಂದಿದೆ.

ಒಳಗಿನ ಗ್ರಾಫಿಕ್ಸ್ ಕೂಡ ಬೇರೆ: 2400ರಲ್ಲಿ ಎಚ್‌ಡಿ 2000, 3470ರಲ್ಲಿ ಎಚ್‌ಡಿ 2500. ರ‍್ಯಾಮ್ 2400ರಲ್ಲಿ ಡಿಡಿಆರ್3 1333ರವರೆಗೆ, 3470ರಲ್ಲಿ 1600ರವರೆಗೆ. ಗ್ರಾಫಿಕ್ಸ್ ಕಾರ್ಡಿನ ಸ್ಲಾಟಿಗೆ ಮೊದಲನೆಯದು ಪಿಸಿಐಇ 2.0 ಕೊಡುತ್ತದೆ, ಎರಡನೆಯದು 3.0.

ಹಾಗಾದರೆ 3470 ಎಷ್ಟು ಫಾಸ್ಟ್?

ಗಡಿಯಾರದ ವೇಗದಲ್ಲಿ ನೂರಕ್ಕೆ ಮೂರರಿಂದ ಆರರಷ್ಟು ಮುಂದು. ಒಂದೇ ಗಡಿಯಾರದ ವೇಗದಲ್ಲಿ ಓಡಿಸಿದರೂ ಐವಿ ಬ್ರಿಡ್ಜ್ ಸ್ವಲ್ಪ ಹೆಚ್ಚು ಕೆಲಸ ತೆಗೆಯುತ್ತದೆ. ಎಲ್ಲ ಕೂಡಿಸಿ ನೂರಕ್ಕೆ ಹತ್ತರ ಆಸುಪಾಸು ಎಂದಿಟ್ಟುಕೊಳ್ಳಿ. ಹತ್ತು ನಿಮಿಷ ತಿನ್ನುವ ವಿಡಿಯೊ ಕೆಲಸದಲ್ಲಿ ಒಂದು ನಿಮಿಷ ಉಳಿಯಬಹುದು. ಪತ್ರ ಟೈಪ್ ಮಾಡುವುದು, ಬ್ರೌಸರ್, ಎಕ್ಸೆಲ್ ಇವುಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ. ಒಂದೇ ಎಸ್‌ಎಸ್‌ಡಿಯನ್ನು ಒಂದಾದ ಮೇಲೊಂದರಂತೆ ಎರಡೂ ಯಂತ್ರಕ್ಕೆ ಹಾಕಿ ಗ್ರಾಹಕರನ್ನೇ ಕೂರಿಸಿ ತೋರಿಸಿದ್ದೇನೆ. ಯಾವುದು ಯಾವುದೆಂದು ಹೇಳಲು ಅವರಿಗೆ ಆಗಲಿಲ್ಲ.

ಹಾಗಿದ್ದ ಮೇಲೆ ಎರಡರಲ್ಲಿ ಆರಿಸುವುದು ಯಾಕೆ ಎಂದು ಕೇಳಬಹುದು. ಪ್ರೊಸೆಸರ್ ಕೂತಿರುವ ಬೋರ್ಡು ಬೇರೆ ಬೇರೆ ಎಂಬ ಕಾರಣಕ್ಕೆ. ಮುಂದಿನ ಬಹುಪಾಲು ಉತ್ತರಗಳು ಬಂದು ನಿಲ್ಲುವುದು ಅಲ್ಲಿಗೇ.

ನನ್ನ ಹತ್ತಿರ 2400 ಇದೆ. ಅದೇ ಬೋರ್ಡಿಗೆ 3470 ಹಾಕಿದರೆ ನಡೆಯುತ್ತಾ?

ಸಾಕೆಟ್ ಒಂದೇ ಎಂದ ಮಾತ್ರಕ್ಕೆ ನಡೆಯುತ್ತದೆ ಎಂದಲ್ಲ. ಇದು ತಿಳಿಯದೆ ದುಡ್ಡು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

2400ರ ಕಾಲದ ಬೋರ್ಡುಗಳು ಇಂಟೆಲ್‌ನ 6 ಸೀರಿಸ್ ಚಿಪ್‌ಸೆಟ್‌ನವು (ಬೋರ್ಡಿನ ಪೋರ್ಟುಗಳನ್ನು ನಡೆಸುವ ಚಿಪ್ಪೇ ಚಿಪ್‌ಸೆಟ್). ಅದರಲ್ಲಿ ಎಚ್61, ಎಚ್67, ಪಿ67, ಝಡ್68 ಬೋರ್ಡುಗಳಿಗೆ ತಯಾರಕರು ಹೊಸ ಬಯಾಸ್ (ಸ್ವಿಚ್ ಹಾಕಿದಾಗ ಯಂತ್ರವನ್ನು ಎಬ್ಬಿಸುವ, ಬೋರ್ಡಿನ ಚಿಪ್ಪಿನಲ್ಲಿರುವ ಪ್ರೋಗ್ರಾಂ) ಬಿಟ್ಟಿದ್ದರೆ 3470 ನಡೆಯುತ್ತದೆ. ಕ್ಯೂ65, ಕ್ಯೂ67, ಬಿ65 ಎಂಬ ಆಫೀಸ್ ಚಿಪ್‌ಸೆಟ್‌ಗಳಿಗೆ ಇಂಟೆಲ್ ಐವಿ ಬ್ರಿಡ್ಜ್ ಬೆಂಬಲ ಕೊಡಲೇ ಇಲ್ಲ. ಸೆಕೆಂಡ್ ಹ್ಯಾಂಡ್ ಆಗಿ ಬರುವ 2400 ಡೆಸ್ಕ್‌ಟಾಪ್‌ಗಳಲ್ಲಿ ಈ ಆಫೀಸ್ ಚಿಪ್‌ಸೆಟ್‌ನವೇ ಜಾಸ್ತಿ. ಡೆಲ್ ಆಪ್ಟಿಪ್ಲೆಕ್ಸ್ 790 ಮತ್ತು 990, ಎಚ್‌ಪಿ ಕಾಂಪ್ಯಾಕ್ 8200 ಎಲೈಟ್, ಲೆನೊವೊ ಥಿಂಕ್‌ಸೆಂಟರ್ ಎಂ91ಪಿ ಎಲ್ಲ ಆ ಗುಂಪಿನವು.

ಟೈಪಿಂಗ್ ಅಂಗಡಿ ಇಟ್ಟ ಒಬ್ಬರು ಆನ್‌ಲೈನ್‌ನಲ್ಲಿ 3470 ತರಿಸಿ, ತಾವೇ ಹಾಕಿ, ಆಮೇಲೆ ಕ್ಯಾಬಿನೆಟ್ ಹೊತ್ತುಕೊಂಡು ನನ್ನ ಹತ್ತಿರ ಬಂದಿದ್ದರು. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಮುಂದಿನ ದೀಪ ಹತ್ತುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ರ‍್ಯಾಮ್ ಬದಲಿಸಿದ್ದರು, ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಬದಲಿಸಿದ್ದರು, ಕೊನೆಗೆ ಬೋರ್ಡೇ ಹೋಯಿತೆಂದು ತೀರ್ಮಾನ ಮಾಡಿದ್ದರು. ಅವರ ಚೀಲದಲ್ಲಿ ಟಿಶ್ಯೂ ಪೇಪರಿನಲ್ಲಿ ಸುತ್ತಿದ್ದ ಹಳೆಯ 2400 ಇತ್ತು. ಅದನ್ನೇ ವಾಪಸ್ ಕೂರಿಸಿದೆ, ಒಂದೇ ನಿಮಿಷದಲ್ಲಿ ಡೆಸ್ಕ್‌ಟಾಪ್ ಬಂತು. ಬೋರ್ಡು ಕ್ಯೂ67. ಆ 3470 ಕೂಡ ಒಳ್ಳೆಯದೇ ಇತ್ತು, ಕೂರಿಸಿದ ಜಾಗ ತಪ್ಪಾಗಿತ್ತು ಅಷ್ಟೆ.

ನಿಮ್ಮ ಬೋರ್ಡಿನ ಚಿಪ್‌ಸೆಟ್ ಯಾವುದೆಂದು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೇನ್‌ಬೋರ್ಡ್ ಟ್ಯಾಬ್‌ನಲ್ಲಿ ಕಾಣುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ತಯಾರಕರ ಸಪೋರ್ಟ್ ಪುಟದಲ್ಲಿರುವ ಸಿಪಿಯು ಪಟ್ಟಿ ನೋಡಿ. ನಡೆಯುತ್ತದೆ ಎಂದೇ ಇಟ್ಟುಕೊಳ್ಳಿ, ಆದರೂ ಈ ಬದಲಾವಣೆಗೆ ದುಡ್ಡು ಹಾಕಬೇಡಿ ಎಂಬುದೇ ನನ್ನ ಸಲಹೆ. ನೂರಕ್ಕೆ ಹತ್ತರ ವೇಗಕ್ಕೆ ಬಯಾಸ್ ತಿದ್ದುವ ಅಪಾಯ ಯಾಕೆ? ಆ ದುಡ್ಡು ರ‍್ಯಾಮಿಗೋ ಎಸ್‌ಎಸ್‌ಡಿಗೋ ಹೋಗಲಿ.

3470 ಇರುವ ಬೋರ್ಡಿಗೆ 2400 ಹಾಕಬಹುದೇ?

3470ರ ಕಾಲದ 7 ಸೀರಿಸ್ ಬೋರ್ಡುಗಳು ಸಾಮಾನ್ಯವಾಗಿ ಎರಡೂ ಜನರೇಷನ್ ಒಪ್ಪುತ್ತವೆ. ಪ್ರೊಸೆಸರ್ ಕೆಟ್ಟಿದೆಯೇ ಬೋರ್ಡು ಕೆಟ್ಟಿದೆಯೇ ಎಂದು ಪರೀಕ್ಷೆ ಮಾಡಲು ನಾನು ಹಾಗೆ ಹಾಕಿ ನೋಡುವುದುಂಟು.

ಬಯಾಸ್ ಅಪ್‌ಡೇಟ್ ನಾನೇ ಮಾಡಿಕೊಳ್ಳಬಹುದಾ?

ಮಾಡಬಹುದು, ಆದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡು ಸತ್ತಂತೆಯೇ. ಚಿಪ್ಪಿಗೆ ಪ್ರೋಗ್ರಾಮರ್ ಹಚ್ಚಿ ಮತ್ತೆ ಬರೆಸಬೇಕಾಗುತ್ತದೆ. ಯುಪಿಎಸ್ ಬ್ಯಾಟರಿ ನಿಜವಾಗಿ ಹಿಡಿಯುತ್ತದೆಯೇ ಎಂದು ಮೊದಲೇ ಗೋಡೆಯ ಸ್ವಿಚ್ ಆರಿಸಿ ಪರೀಕ್ಷಿಸಿ. ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಬಯಾಸ್ ಬರೆದು ಮುಗಿಸಬೇಕು, ಹೊಸದನ್ನು ಕೂರಿಸುವುದು ಆಮೇಲೆ.

ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಳ್ಳಬೇಕು. ಎರಡರಲ್ಲಿ ಯಾವುದು?

ಬೆಲೆಯಲ್ಲಿ ಸಾವಿರ ರೂಪಾಯಿಯ ಆಸುಪಾಸಿನ ವ್ಯತ್ಯಾಸ ಇದ್ದರೆ ಕಣ್ಣು ಮುಚ್ಚಿ 3470 ಇರುವುದನ್ನು ಆರಿಸಿ. ಕಾರಣ ಪ್ರೊಸೆಸರ್ ಅಲ್ಲ, ಅದರ ಜೊತೆ ಬರುವ ಸರಂಜಾಮು. 7 ಸೀರಿಸ್ ಚಿಪ್‌ಸೆಟ್‌ನಲ್ಲಿ ಯುಎಸ್‌ಬಿ 3.0 (ವೇಗದ ನೀಲಿ ಪೋರ್ಟು) ಒಳಗೇ ಇದೆ. 6 ಸೀರಿಸ್‌ನಲ್ಲಿ ಅದಿಲ್ಲ. ಬೋರ್ಡು ಮಾಡಿದವರು ಬೇರೆ ಚಿಪ್ ಹಾಕಿದ್ದರೆ ಮಾತ್ರ ಉಂಟು. ಮದುವೆ ಫೋಟೊಗಳ 64 ಜಿಬಿ ಕಾರ್ಡನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವ ಸ್ಟುಡಿಯೊದವರನ್ನು ಕೇಳಿ, ಆ ನೀಲಿ ಪೋರ್ಟಿನ ಬೆಲೆ ಅವರಿಗೆ ಗೊತ್ತು.

ಡೆಲ್ ಆಪ್ಟಿಪ್ಲೆಕ್ಸ್ 7010 ಮತ್ತು 9010, ಎಚ್‌ಪಿ ಕಾಂಪ್ಯಾಕ್ 8300 ಎಲೈಟ್, ಲೆನೊವೊ ಎಂ92ಪಿ ಇವೆಲ್ಲ ಕ್ಯೂ77 ಚಿಪ್‌ಸೆಟ್‌ನವು, ಈ ಕಾಲದ ಒಳ್ಳೆಯ ಯಂತ್ರಗಳು. ಆಪ್ಟಿಪ್ಲೆಕ್ಸ್ 3010 ಮೂರನೇ ಜನರೇಷನ್ ಕಾಲದ್ದಾದರೂ ಅದರೊಳಗೆ ಇರುವುದು ಹಳೆಯ ಎಚ್61, ಎರಡೇ ರ‍್ಯಾಮ್ ಸ್ಲಾಟ್. ಡೆಲ್ 2023ರಲ್ಲಿ 7010 ಎಂಬ ಹೆಸರನ್ನೇ ಹೊಸ ಯಂತ್ರಕ್ಕೂ ಇಟ್ಟಿದೆ. ಜಾಹೀರಾತಿನಲ್ಲಿ ಬರೀ 7010 ಎಂದಿದ್ದರೆ ಯಾವ ಪ್ರೊಸೆಸರ್ ಎಂದು ಕೇಳಿಯೇ ಮುಂದುವರಿಯಿರಿ.

ಬಿಡಿಭಾಗ ಜೋಡಿಸಿದ 2011ರ ಸಿಸ್ಟಂ ಸಿಕ್ಕಿದರೆ ಇನ್ನೊಂದು ವಿಷಯ. 2011ರ ಜನವರಿ 31ರಂದು ಇಂಟೆಲ್ ತನ್ನ 6 ಸೀರಿಸ್ ಚಿಪ್‌ಸೆಟ್‌ನಲ್ಲಿ ದೋಷ ಇದೆಯೆಂದು ಒಪ್ಪಿಕೊಂಡು ಸಾಗಣೆ ನಿಲ್ಲಿಸಿತು. ಡಿಸ್ಕ್ ಹಚ್ಚುವ 3 ಗಿಗಾಬಿಟ್‌ನ ಸಾಟಾ ಪೋರ್ಟುಗಳು ಕಾಲ ಹೋದಂತೆ ದುರ್ಬಲವಾಗುವ ದೋಷ ಅದು. ತಿದ್ದಿದ ಚಿಪ್ಪಿಗೆ ಬಿ3 ಎಂದು ಹೆಸರು. ಆಮೇಲೆ ಬಂದ ಬೋರ್ಡುಗಳ ಡಬ್ಬಿಯ ಮೇಲೆ ಬಿ3 ಎಂದು ಅಚ್ಚು ಹಾಕಿದ್ದೂ ಉಂಟು. ಅದಕ್ಕೂ ಮುಂಚಿನ ಎಚ್67 ಅಥವಾ ಪಿ67 ಬೋರ್ಡು ನಿಮ್ಮದಾಗಿದ್ದರೆ ಡಿಸ್ಕನ್ನು 0 ಮತ್ತು 1ನೇ ಸಂಖ್ಯೆಯ 6 ಗಿಗಾಬಿಟ್ ಪೋರ್ಟುಗಳಿಗೇ ಹಚ್ಚಿ. ಅವಕ್ಕೆ ಈ ದೋಷ ಇಲ್ಲ.

ಅಂಗಡಿಯವರು ಕೊಡುತ್ತಿರುವುದು ನಿಜವಾದ 3470 ಎಂದು ತಿಳಿಯುವುದು ಹೇಗೆ?

ಸಂಖ್ಯೆಯ ಹಿಂದಿನ ಒಂದು ಅಕ್ಷರ ಇಲ್ಲಿ ಆಟ ಆಡಿಸುತ್ತದೆ. 3470ಎಸ್ ಎಂಬುದು 65 ವ್ಯಾಟಿನದು, ವೇಗ 2.9 ಗಿಗಾಹರ್ಟ್ಸ್, ತೊಂದರೆಯಿಲ್ಲ, ನಾಲ್ಕು ಕೋರ್ ಇವೆ. 3470ಟಿ ಮಾತ್ರ ಬೇರೆಯೇ ಜಾತಿ. ಅದರಲ್ಲಿ ಇರುವುದು ಎರಡೇ ಕೋರ್, 3 ಎಂಬಿ ಕ್ಯಾಶ್, 35 ವ್ಯಾಟ್. ಅಂಗೈಯಷ್ಟು ಸಣ್ಣ ಡೆಸ್ಕ್‌ಟಾಪ್‌ಗಳಲ್ಲಿ ಅದು ಬರುತ್ತದೆ. ನಾಲ್ಕು ಥ್ರೆಡ್ ಇರುವುದರಿಂದ ಟಾಸ್ಕ್ ಮ್ಯಾನೇಜರ್‌ನಲ್ಲಿ ನಾಲ್ಕು ಚೌಕ ಕಾಣುತ್ತವೆ, ಮಾರುವವರು ಅದನ್ನು ತೋರಿಸಿ ನಾಲ್ಕು ಕೋರ್ ಎಂದುಬಿಡುತ್ತಾರೆ. ಕೆಳಗೆ ಕೋರ್ ಎಷ್ಟು, ಲಾಜಿಕಲ್ ಪ್ರೊಸೆಸರ್ ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ, ಅದನ್ನು ಓದಿ. 2400ರಲ್ಲೂ 2400ಎಸ್ ಇದೆ: 65 ವ್ಯಾಟ್, 2.5 ಗಿಗಾಹರ್ಟ್ಸ್.

ಬಿಡಿ ಪ್ರೊಸೆಸರ್ ಕೊಳ್ಳುವುದಾದರೆ ಲೋಹದ ಮುಚ್ಚಳದ ಮೇಲಿನ ಬರಹ ನೋಡಿ. 2400ರ ಮೇಲೆ ಎಸ್‌ಆರ್00ಕ್ಯೂ ಎಂದೂ 3470ರ ಮೇಲೆ ಎಸ್‌ಆರ್0ಟಿ8 ಎಂದೂ ಇರುತ್ತದೆ. ಪೇಸ್ಟ್ ಮೆತ್ತಿಕೊಂಡಿದ್ದರೆ ಒರೆಸಿ ತೋರಿಸಲು ಹೇಳಿ.

ವಿಂಡೋಸ್ 11 ಹಾಕಬಹುದಾ?

ಅಧಿಕೃತವಾಗಿ ಇಲ್ಲ. ಮೈಕ್ರೋಸಾಫ್ಟ್ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಮತ್ತು ಮೇಲಿನದನ್ನು, ಜೊತೆಗೆ ಟಿಪಿಎಂ 2.0 (ಭದ್ರತೆಯ ಚಿಪ್) ಕೇಳುತ್ತದೆ. ಎರಡೂ ಪ್ರೊಸೆಸರ್ ಆ ಗಡಿಯಿಂದ ಬಹಳ ಹಿಂದೆ. ಅಡ್ಡದಾರಿಯಲ್ಲಿ ಹಾಕಿದರೆ ಓಡುತ್ತದೆ. 24ಎಚ್2 ಆವೃತ್ತಿ ಪಾಪ್‌ಕೌಂಟ್ ಎಂಬ ಆದೇಶ ಇಲ್ಲದ ಕೋರ್ 2 ಡುಯೊ ಕಾಲದ ಪ್ರೊಸೆಸರ್‌ಗಳನ್ನು ಪೂರ್ತಿ ಹೊರಗಿಟ್ಟಿತು, ಆದರೆ ನಮ್ಮ ಎರಡರಲ್ಲೂ ಅದು ಇದೆ. ಇಂಥ ಯಂತ್ರಗಳಿಗೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತರಿ ಮಾತ್ರ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬಿಲ್ಲಿಂಗ್, ಬ್ಯಾಂಕ್ ವ್ಯವಹಾರ ನಡೆಯುವ ಸಿಸ್ಟಮ್ಮಿಗೆ ನಾನು ಹಾಗೆ ಹಾಕಿಕೊಡುವುದಿಲ್ಲ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟ್ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು.

ವಿಂಡೋಸ್ 10ರಲ್ಲೂ 3470ಕ್ಕೆ ಒಂದು ಅನುಕೂಲ ಇದೆ. ಎಚ್‌ಡಿ 2500ಕ್ಕೆ ಇಂಟೆಲ್ ವಿಂಡೋಸ್ 10ರ ಡ್ರೈವರ್ ಬಿಟ್ಟಿತು. ಎಚ್‌ಡಿ 2000ಕ್ಕೆ ಬಿಡಲಿಲ್ಲ. ವಿಂಡೋಸ್ ಅಪ್‌ಡೇಟ್ ಮೂಲಕ ಬರುವ ಹಳೆಯ ಡ್ರೈವರ್‌ನಲ್ಲೇ ಸಾಗಬೇಕು.

ಡಾಂಗಲ್ ಬೇಕಾದ ಹಳೆಯ ಡಿಟಿಪಿ ಸಾಫ್ಟ್‌ವೇರ್ ಇದೆ, ಅದಕ್ಕೆ ವಿಂಡೋಸ್ 7 ಬೇಕು.

ಎರಡರಲ್ಲೂ ವಿಂಡೋಸ್ 7 ಚೆನ್ನಾಗಿ ಕೂರುತ್ತದೆ. 3470 ಯಂತ್ರದಲ್ಲಿ ಇನ್‌ಸ್ಟಾಲ್ ಮಾಡುವಾಗ ಕೀಬೋರ್ಡು, ಪೆನ್‌ಡ್ರೈವನ್ನು ಕಪ್ಪು ಯುಎಸ್‌ಬಿ ಪೋರ್ಟಿಗೆ ಹಾಕಿ. ವಿಂಡೋಸ್ 7ರ ಡಿಸ್ಕಿನಲ್ಲಿ ಯುಎಸ್‌ಬಿ 3.0 ಡ್ರೈವರ್ ಇರುವುದಿಲ್ಲ. ಆ ಸಿಸ್ಟಮ್ಮಿಗೆ ಇಂಟರ್ನೆಟ್ ಕೊಡಬೇಡಿ.

ಲಿನಕ್ಸ್ ಹೇಗೆ? ಕನ್ನಡ ಟೈಪಿಂಗ್ ಆಗುತ್ತಾ?

ಈ ಎರಡು ಪ್ರೊಸೆಸರ್‌ಗಳಿಗೆ ಈಗ ನಾನು ಮೊದಲು ಹೇಳುವುದೇ ಲಿನಕ್ಸ್ ಮಿಂಟ್, ವಿಂಡೋಸ್ ಬದಲು ಹಾಕುವ ಉಚಿತ ವ್ಯವಸ್ಥೆ. ಹಾಕಿದ ಕೂಡಲೇ ಡಿಸ್‌ಪ್ಲೇ, ಸೌಂಡ್, ನೆಟ್‌ವರ್ಕ್ ಎಲ್ಲ ಬರುತ್ತವೆ, ಡ್ರೈವರ್ ಹುಡುಕುವ ಪರದಾಟ ಇಲ್ಲ. ಕನ್ನಡಕ್ಕೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯಲ್ಲಿ ಎಂ17ಎನ್ ಎಂಬ ಸೇರ್ಪಡೆ ಹಾಕಿದರೆ ಕೆಜಿಪಿ ಎಂಬ ಕೀಲಿಮಣೆ ಸಿಗುತ್ತದೆ. ನುಡಿಯಲ್ಲಿ ಕೈ ಕುದುರಿದವರು ಅದೇ ಬೆರಳಿನಲ್ಲಿ ಯುನಿಕೋಡ್ ಕನ್ನಡ ಬರೆಯಬಹುದು. ಹಳೆಯ ನುಡಿ ಫಾಂಟಿನಲ್ಲಿರುವ ಕಡತಗಳನ್ನು ಮಾತ್ರ ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಆಯ್ಕೆ ಮಾಡುವಾಗ ಒಂದು ಎಚ್ಚರ. ಎರಡರಲ್ಲೂ ಎವಿಎಕ್ಸ್ ಎಂಬ ಪ್ರೊಸೆಸರ್ ಆದೇಶಗಳ ಗುಂಪು ಇದೆ, ಅದರ ಮುಂದಿನದಾದ ಎವಿಎಕ್ಸ್2 ಇಲ್ಲ. ಅದು ಬಂದದ್ದು ನಾಲ್ಕನೇ ಜನರೇಷನ್‌ನಲ್ಲಿ. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಎವಿಎಕ್ಸ್2 ಮಟ್ಟವನ್ನು ಕೇಳುವುದರಿಂದ ಇವುಗಳ ಮೇಲೆ ಏಳುವುದೇ ಇಲ್ಲ. 9ನೇ ಆವೃತ್ತಿಗೆ ಆ ತೊಡಕಿಲ್ಲ. ಕೋರ್ಸಿಗಾಗಿ ಅದನ್ನು ಹಾಕಿಕೊಳ್ಳುವ ವಿದ್ಯಾರ್ಥಿಗಳು ಇದನ್ನು ನೆನಪಿಡಿ.

ಗ್ರಾಫಿಕ್ಸ್ ವಿಷಯದಲ್ಲೂ ಅಂತರ ಇದೆ. ಲಿನಕ್ಸ್‌ನಲ್ಲಿ ಎಚ್‌ಡಿ 2000 ಓಪನ್‌ಜಿಎಲ್ (ಪ್ರೋಗ್ರಾಂಗಳು ಗ್ರಾಫಿಕ್ಸ್ ಬಳಸುವ ಮಾನದಂಡ) 3.3ರವರೆಗೆ, ಎಚ್‌ಡಿ 2500 4.2ರವರೆಗೆ ಹೋಗುತ್ತದೆ. 3ಡಿ ಚಿತ್ರ ಮಾಡುವ ಬ್ಲೆಂಡರ್‌ನ ಈಗಿನ ಆವೃತ್ತಿಗಳಿಗೆ 4.3 ಬೇಕು, ಹಾಗಾಗಿ ಅದನ್ನು ಕಲಿಯುವವರಿಗೆ ಎರಡೂ ಸಾಲದು, ಕಾರ್ಡು ಹಾಕಬೇಕು.

ಯೂಟ್ಯೂಬ್ ನೋಡುವಾಗ ತಡವರಿಸುತ್ತದೆ, ಫ್ಯಾನ್ ಜೋರಾಗುತ್ತದೆ. ಯಾಕೆ?

ಈ ಪ್ರೊಸೆಸರ್‌ಗಳ ಗ್ರಾಫಿಕ್ಸ್ ಭಾಗಕ್ಕೆ ಎಚ್.264 ಎಂಬ ವಿಡಿಯೊ ಬಗೆಯನ್ನು ತಾನೇ ಬಿಡಿಸುವುದು ಗೊತ್ತು. ಯೂಟ್ಯೂಬ್ ಈಗ ಕಳಿಸುವುದು ಬಹುತೇಕ ವಿಪಿ9 ಅಥವಾ ಎವಿ1, ಇವು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಪೂರ್ತಿ ಭಾರ ನಾಲ್ಕು ಕೋರ್‌ಗಳ ಮೇಲೆ ಬೀಳುತ್ತದೆ. 1080ಪಿ ವರೆಗೆ ಎರಡೂ ತೂಗಿಸಿಕೊಂಡು ಹೋಗುತ್ತವೆ, 4ಕೆ ಕೇಳಬೇಡಿ. ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಎಚ್.264 ಅನ್ನೇ ಕಳಿಸುತ್ತದೆ. ಆಗ ಫ್ಯಾನಿನ ಸದ್ದು ತಗ್ಗುವುದನ್ನು ಕಿವಿಯಿಂದಲೇ ಗುರುತಿಸಬಹುದು.

ಗ್ರಾಫಿಕ್ಸ್ ಕಾರ್ಡ್ ಹಾಕಿ ಮಗ ಆಟ ಆಡಬೇಕಂತೆ. ಯಾವುದು ಒಳ್ಳೆಯದು?

ಇಲ್ಲಿ 3470 ಮೇಲು. ಅದರ ಎಚ್‌ಡಿ 2500 ಡೈರೆಕ್ಟ್‌ಎಕ್ಸ್ 11 ಬಲ್ಲದು, ಎಚ್‌ಡಿ 2000 10.1ಕ್ಕೇ ನಿಲ್ಲುತ್ತದೆ, ಆದರೂ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಹಳೆಯ ಸಣ್ಣ ಆಟಗಳಷ್ಟೇ. ಕಾರ್ಡು ಹಾಕುವುದಾದರೆ ಪಿಸಿಐಇ ವ್ಯತ್ಯಾಸ ನೆನಪಿಗೆ ಬರಬೇಕು. ಜಿಟಿಎಕ್ಸ್ 1050 ಟಿಐ ಥರದ 16 ಲೇನಿನ (ಡೇಟಾ ಹೋಗುವ ದಾರಿ) ಕಾರ್ಡಿಗೆ 2.0 ಆದರೂ ಸಾಕು. ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ಇರುವುದು ನಾಲ್ಕೇ ಲೇನು. 2400ರ ಜೊತೆ ಅದನ್ನು ಹಾಕಿದರೆ ದಾರಿ ಕಿರಿದಾಗಿ ಕಾರ್ಡಿನ ಶಕ್ತಿ ವ್ಯರ್ಥವಾಗುತ್ತದೆ.

ಕಾರ್ಡಿಗಿಂತ ಮುಂಚೆ ಎಸ್‌ಎಂಪಿಎಸ್ ನೋಡಿ. ಅಡ್ಡ ಮಲಗಿಸುವ ಸಣ್ಣ ಕ್ಯಾಬಿನೆಟ್‌ಗಳಲ್ಲಿ ಸಾಮಾನ್ಯವಾಗಿ 240 ವ್ಯಾಟಿನದು ಇರುತ್ತದೆ, ಕಾರ್ಡಿಗೆ ಬೇಕಾದ ಆರು ಪಿನ್ನಿನ ವೈರು ಇರುವುದಿಲ್ಲ, ಎತ್ತರದ ಕಾರ್ಡು ಹಿಡಿಯುವುದೂ ಇಲ್ಲ. ಅದರಲ್ಲಿ ಸ್ಲಾಟಿನಿಂದಲೇ ಕರೆಂಟ್ ತೆಗೆದುಕೊಳ್ಳುವ, ಗಿಡ್ಡ ಪಟ್ಟಿಯ ಕಾರ್ಡು ಮಾತ್ರ ಆಗುತ್ತದೆ. ಎವಿಎಕ್ಸ್2 ಕೇಳುವ ಹೊಸ ಆಟಗಳು ಯಾವ ಕಾರ್ಡು ಹಾಕಿದರೂ ಎರಡರಲ್ಲೂ ತೆರೆಯುವುದಿಲ್ಲ. ಆಟವೇ ಮುಖ್ಯ ಅನ್ನುವ ಮನೆಗೆ ಎರಡೂ ಬೇಡ, ಇನ್ನಷ್ಟು ಕೂಡಿಟ್ಟು ಹೊಸ ಜನರೇಷನ್ ಕೊಳ್ಳಿ.

ಮೂರು ಮಾನಿಟರ್ ಹಚ್ಚಬಹುದೇ?

ಎಚ್‌ಡಿ 2000 ಎರಡನ್ನು ಮಾತ್ರ ನಡೆಸುತ್ತದೆ, ಎಚ್‌ಡಿ 2500 ಬೋರ್ಡಿನಲ್ಲಿ ಪೋರ್ಟ್ ಇದ್ದರೆ ಮೂರು. ಆಪ್ಟಿಪ್ಲೆಕ್ಸ್ 7010ರಲ್ಲಿ ಎರಡು ಡಿಸ್‌ಪ್ಲೇಪೋರ್ಟ್, ಒಂದು ವಿಜಿಎ ಇದೆ.

ರ‍್ಯಾಮ್ ಎಷ್ಟು ಹಾಕಿಸಲಿ?

8 ಜಿಬಿ ಇರಲೇಬೇಕು, ಅದನ್ನೂ 4 ಜಿಬಿಯ ಎರಡು ಕಡ್ಡಿಗಳಾಗಿ ಹಾಕಿಸಿ. ಈ ಪ್ರೊಸೆಸರ್‌ಗಳಿಗೆ ನೆನಪಿನ ದಾರಿ ಎರಡು ಇವೆ; ಒಂದೇ ಕಡ್ಡಿ ಹಾಕಿದರೆ ಒಂದು ದಾರಿ ಖಾಲಿ ಬಿದ್ದಿರುತ್ತದೆ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಅದರ ಪೆಟ್ಟು ಹೆಚ್ಚು. ಎರಡೂ ಪ್ರೊಸೆಸರ್ 32 ಜಿಬಿ ತಾಳುತ್ತವೆ, ಒಂದು ಸ್ಲಾಟಿಗೆ 8 ಜಿಬಿ ಮಿತಿ. ಎಚ್61 ಬೋರ್ಡಿನಲ್ಲಿ ಎರಡೇ ಸ್ಲಾಟ್ ಇರುವುದರಿಂದ 16ಕ್ಕೆ ನಿಲ್ಲುತ್ತದೆ.

ಆನ್‌ಲೈನ್‌ನಲ್ಲಿ ಬಹಳ ಅಗ್ಗಕ್ಕೆ ಸಿಗುವ 8 ಜಿಬಿ ಡಿಡಿಆರ್3 ಕಡ್ಡಿಗಳಲ್ಲಿ ಎಎಮ್‌ಡಿ ಬೋರ್ಡಿಗೆ ಮಾತ್ರ ಎಂಬವು ಸೇರಿಕೊಂಡಿರುತ್ತವೆ. ವಿವರಣೆಯಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇಂಟೆಲ್‌ಗೆ ಹಾಕಿದರೆ ಬರೀ ಬೀಪ್ ಶಬ್ದ, ಡಿಸ್‌ಪ್ಲೇ ಬರುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದ ತೇವಕ್ಕೆ ರ‍್ಯಾಮಿನ ಹೊಂಬಣ್ಣದ ಅಂಚು ಮಂಕಾಗಿ ಸಿಸ್ಟಂ ಏಳದೆ ಹೋಗುತ್ತದೆ. ಕಡ್ಡಿ ತೆಗೆದು, ಆ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಎರಡೂ ಕಡೆಯ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ. ಜೂನ್ ತಿಂಗಳಲ್ಲಿ ನನ್ನ ಹತ್ತಿರ ಬರುವ ಡಿಸ್‌ಪ್ಲೇ ಇಲ್ಲದ ಯಂತ್ರಗಳಲ್ಲಿ ಬಹಳಷ್ಟು ಇಷ್ಟಕ್ಕೇ ಎದ್ದು ಕೂತಿವೆ.

ಎನ್‌ವಿಎಂಇ ಎಸ್‌ಎಸ್‌ಡಿ ಹಾಕಬಹುದೇ?

ಸಾಟಾ ಬದಲು ಪಿಸಿಐಇ ದಾರಿಯಲ್ಲಿ ಓಡುವ ವೇಗದ ಎಸ್‌ಎಸ್‌ಡಿ ಅದು. ಪಿಸಿಐಇ ಸ್ಲಾಟಿಗೆ ಅಡಾಪ್ಟರ್ ಹಾಕಿ ಕೂರಿಸಬಹುದು, ಡೇಟಾ ಡಿಸ್ಕಾಗಿ ಕೆಲಸ ಮಾಡುತ್ತದೆ. ಅದರಿಂದಲೇ ಬೂಟ್ ಆಗಲು ಈ ಕಾಲದ ಬಯಾಸ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸಾಕು. ಎಚ್61ರಲ್ಲಿ 3 ಗಿಗಾಬಿಟ್ ಪೋರ್ಟುಗಳಷ್ಟೇ ಇವೆ, ಆದರೂ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದವರಿಗೆ ಅದೇ ಬೇರೆ ಲೋಕ. 2400 ನಿಧಾನ ಎಂದು ದೂರುತ್ತಾ ಬರುವವರ ಯಂತ್ರದಲ್ಲಿ ನಿಧಾನ ಇರುವುದು ಹಾರ್ಡ್ ಡಿಸ್ಕು.

ಕರೆಂಟ್ ಬಿಲ್ ಎಷ್ಟು ಉಳಿಯುತ್ತದೆ?

95ರಲ್ಲಿ 77 ಕಳೆದರೆ 18 ವ್ಯಾಟ್. ದಿನಕ್ಕೆ 8 ಗಂಟೆ, ವರ್ಷಪೂರ್ತಿ, ಪೂರಾ ಭಾರದಲ್ಲಿ ಓಡಿಸಿದರೆ 52 ಯೂನಿಟ್ಟು ಚಿಲ್ಲರೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 315 ರೂಪಾಯಿ. ಆದರೆ ಟೈಪಿಂಗ್ ಮಾಡುವಾಗ ಪ್ರೊಸೆಸರ್ ಬಹುಪಾಲು ಸುಮ್ಮನೆ ಕೂತಿರುತ್ತದೆ, ಆಗ ಎರಡೂ ತಿನ್ನುವುದು ಹೆಚ್ಚುಕಡಿಮೆ ಒಂದೇ. ಉಳಿತಾಯಕ್ಕೆಂದು 3470 ಕೊಳ್ಳುವ ಅಗತ್ಯವಿಲ್ಲ. 600 ವಿಎ ಯುಪಿಎಸ್ ಎರಡಕ್ಕೂ ಆಗುತ್ತದೆ.

ಐವಿ ಬ್ರಿಡ್ಜ್ ಹೆಚ್ಚು ಬಿಸಿಯಾಗುತ್ತದಂತೆ, ನಿಜವೇ?

ಆ ಮಾತಿಗೆ ಮೂಲ ಇದೆ. ಸ್ಯಾಂಡಿ ಬ್ರಿಡ್ಜ್‌ನಲ್ಲಿ ಚಿಪ್ಪಿಗೂ ಲೋಹದ ಮುಚ್ಚಳಕ್ಕೂ ನಡುವೆ ಬೆಸುಗೆ ಹಾಕಿದ್ದರು. ಐವಿ ಬ್ರಿಡ್ಜ್‌ನಲ್ಲಿ ಅದರ ಬದಲು ಥರ್ಮಲ್ ಪೇಸ್ಟ್ ಹಚ್ಚಿದರು, ಚಿಪ್ಪೂ ಚಿಕ್ಕದಾಯಿತು, ಶಾಖ ಹೊರಬರುವುದು ಕಷ್ಟವಾಯಿತು. ಓವರ್‌ಕ್ಲಾಕ್ ಮಾಡುವವರು (ನಿಗದಿಗಿಂತ ವೇಗ ಏರಿಸಿ ಓಡಿಸುವವರು) 3570ಕೆ, 3770ಕೆ ಹಿಡಿದುಕೊಂಡು ಇದರ ಬಗ್ಗೆ ಬಹಳ ಬೇಸರಪಟ್ಟರು. 77 ವ್ಯಾಟಿನಲ್ಲಿ ಸಹಜವಾಗಿ ಓಡುವ 3470ಕ್ಕೆ ಇದು ಲೆಕ್ಕಕ್ಕಿಲ್ಲ.

ನಿಮ್ಮದು ಬಿಸಿಯಾಗುತ್ತಿದ್ದರೆ ಹೀಟ್‌ಸಿಂಕ್ ಬಿಚ್ಚಿ ನೋಡಿ. ಹನ್ನೆರಡು ಹದಿಮೂರು ವರ್ಷದ ಹಳೆಯ ಪೇಸ್ಟ್ ಗೋಡೆಯ ಸುಣ್ಣದ ಹಾಗೆ ಒಣಗಿ, ಉಗುರು ತಾಗಿದರೆ ಪುಡಿಪುಡಿಯಾಗಿ ಉದುರುತ್ತದೆ. ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಬಿಚ್ಚುವ ಮುಂಚೆ ಸಿಸ್ಟಮ್ಮನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಸ್ವಲ್ಪ ಮೆತ್ತಗಾಗಲು ಬಿಡಿ, ಆಮೇಲೆ ಪವರ್ ತೆಗೆದು ಹೀಟ್‌ಸಿಂಕನ್ನು ಮೆಲ್ಲಗೆ ತಿರುವಿ ಎತ್ತಿ. ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಕೂರಿಸಿ. ರಾಯಚೂರು, ಕಲಬುರಗಿ ಕಡೆಯವರು ಇದನ್ನು ಬೇಸಿಗೆಗೆ ಮುಂಚೆಯೇ ಮಾಡಿಸಿಕೊಳ್ಳಿ.

ಓವರ್‌ಕ್ಲಾಕ್ ಮಾಡಬಹುದೇ?

ಎರಡೂ ಬೀಗ ಹಾಕಿದವು. ಪಿ67, ಝಡ್68, ಝಡ್77 ಬೋರ್ಡಿನಲ್ಲಿ ಮಾತ್ರ ಟರ್ಬೊ ಮಿತಿಯನ್ನು 400 ಮೆಗಾಹರ್ಟ್ಸ್ ಏರಿಸಬಹುದು. ಆಫೀಸ್ ಡೆಸ್ಕ್‌ಟಾಪ್‌ನಲ್ಲಿ ಅದೂ ಇಲ್ಲ.

ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷ ಇವುಗಳಿಗೂ ಇದೆಯಾ?

ಇದೆ, ಎರಡಕ್ಕೂ. ಒಂದು ಪ್ರೋಗ್ರಾಂ ಇನ್ನೊಂದರ ಗುಟ್ಟನ್ನು ಕದ್ದು ಓದಲು ದಾರಿ ಕೊಡುವ, ಪ್ರೊಸೆಸರಿನ ಭದ್ರತಾ ದೋಷಗಳು ಇವು. 2018ರ ಜನವರಿಯಲ್ಲಿ ಬಯಲಾದ ಈ ದೋಷಗಳಿಗೆ ಇಂಟೆಲ್ ಅದೇ ವರ್ಷ ಸ್ಯಾಂಡಿ ಬ್ರಿಡ್ಜ್ ಮತ್ತು ಐವಿ ಬ್ರಿಡ್ಜ್‌ಗೂ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಪ್ರೋಗ್ರಾಮಿನ ತಿದ್ದುಪಡಿ) ಕೊಟ್ಟಿತು. ಬಯಾಸ್ ಹೊಸದಾಗದಿದ್ದರೂ ಲಿನಕ್ಸ್ ಬೂಟ್ ಆಗುವಾಗ ಅದನ್ನು ತಾನೇ ತುಂಬಿಕೊಳ್ಳುತ್ತದೆ. ವೇಗ ಸ್ವಲ್ಪ ತಗ್ಗುತ್ತದೆ, ಹಾಗೆಂದು ರಕ್ಷಣೆಯನ್ನು ಆರಿಸಬೇಡಿ. ಬ್ರೌಸರ್ ತೆರೆಯುವ ಯಾವ ಯಂತ್ರಕ್ಕೂ ಅದು ಬೇಕು.

3470 ಬದಲು ಅದೇ ಬೋರ್ಡಿಗೆ ಐ7 ಹಾಕಿಸಿದರೆ?

2400ರಿಂದ 3470ಕ್ಕೆ ಹೋಗುವುದಕ್ಕಿಂತ ಇದರಲ್ಲಿ ಅರ್ಥವಿದೆ. ಕ್ಯೂ67 ಬೋರ್ಡಿನವರು ಐ7-2600 ಹಾಕಬಹುದು, 7 ಸೀರಿಸ್‌ನವರು ಐ7-3770. ಎರಡರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್, 8 ಎಂಬಿ ಕ್ಯಾಶ್. ವಿಡಿಯೊ ಎಡಿಟಿಂಗ್, ಒಂದೇ ಸಲ ಹಲವು ಪ್ರೋಗ್ರಾಂ ತೆರೆದಿಡುವ ಕೆಲಸಕ್ಕೆ ಲಾಭ ಕಾಣುತ್ತದೆ. ಟೈಪಿಂಗಿಗೆ ಬೇಕಿಲ್ಲ.

ಪ್ರೊಸೆಸರ್ ಬದಲಿಸುವಾಗ ಏನು ನೋಡಿಕೊಳ್ಳಬೇಕು?

ಈ ಸಾಕೆಟ್ಟಿನಲ್ಲಿ ಪಿನ್ನುಗಳಿರುವುದು ಬೋರ್ಡಿನ ಕಡೆ, 1155 ಪಿನ್ನುಗಳು, ಕೂದಲಿನಷ್ಟು ತೆಳು. ಒಂದು ಬಾಗಿದರೂ ಒಂದು ಕಡೆಯ ರ‍್ಯಾಮ್ ಸ್ಲಾಟ್ ಸಾಯಬಹುದು, ಇಲ್ಲವೇ ಯಂತ್ರವೇ ಏಳದಿರಬಹುದು. ಪ್ರೊಸೆಸರಿನ ಎರಡು ಅಂಚಿನ ಕಚ್ಚುಗಳನ್ನು ಸಾಕೆಟ್ಟಿನ ಉಬ್ಬುಗಳಿಗೆ ಹೊಂದಿಸಿ, ಮೇಲಿನಿಂದ ನೇರವಾಗಿ ಇಳಿಸಿ. ಜಾರಿಸಬೇಡಿ, ಒತ್ತಬೇಡಿ. ಸನ್ನೆ ಅದುಮುವಾಗ ಕಿರುಗುಟ್ಟುವ ಶಬ್ದ ಬರುತ್ತದೆ, ಹೆದರಬೇಡಿ, ಅದು ಹಾಗೇ.

ಸೆಕೆಂಡ್ ಹ್ಯಾಂಡ್ ಬೋರ್ಡು ಕೊಳ್ಳುವಾಗ ಸಾಕೆಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪಿನ್ನುಗಳೆಲ್ಲ ನಾಟಿ ಮಾಡಿದ ಸಾಲಿನಂತೆ ಒಂದೇ ದಿಕ್ಕಿಗೆ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕೆ ಬೇರೆ ಥರ ಹೊಳೆದರೆ ಆ ಬೋರ್ಡು ಬೇಡ.

ದಿನಾ ಬೆಳಿಗ್ಗೆ ದಿನಾಂಕ ತಪ್ಪು ತೋರಿಸುತ್ತದೆ, ವೆಬ್‌ಸೈಟ್ ತೆರೆದರೆ ಎಚ್ಚರಿಕೆ ಬರುತ್ತದೆ. ಪ್ರೊಸೆಸರ್ ಹೋಯಿತಾ?

ಇಲ್ಲ. ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಖಾಲಿಯಾಗಿದೆ. ಗಡಿಯಾರ ಹಿಂದಕ್ಕೆ ಹೋದಾಗ ವೆಬ್‌ಸೈಟುಗಳ ಪ್ರಮಾಣಪತ್ರದ ದಿನಾಂಕ ಹೊಂದುವುದಿಲ್ಲ, ಬ್ರೌಸರ್ ಬೇಡ ಎನ್ನುತ್ತದೆ. ಸಿಆರ್2032 ಎಂದು ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪವರ್ ವೈರು ತೆಗೆದು, ಬರಹ ಇರುವ ಮುಖ ಮೇಲೆ ಬರುವಂತೆ ಹಾಕಿ, ಬಯಾಸ್‌ನಲ್ಲಿ ದಿನಾಂಕ ಸರಿಮಾಡಿ. ಅಲ್ಲಿರುವಾಗಲೇ ಸಾಟಾ ಮೋಡ್ ಮೊದಲಿದ್ದಂತೆಯೇ ಇದೆಯೇ ನೋಡಿ. ಸೆಲ್ ತೆಗೆದಾಗ ಅದು ಬದಲಾಗಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಹಿಂದಿನ ಮೋಡಿಗೆ ತಂದರೆ ಸಿಸ್ಟಂ ಎಂದಿನಂತೆ ಏಳುತ್ತದೆ.